ನಮ್ಮ ಕಡಲಿನದಲ್ಲ

ಸ್ಟೇಟ್ ಬ್ಯಾಂಕ್ ಬಳಿಯ ಮೀನು ಮಾರ್ಕೆಟ್ಟಿನಲ್ಲಿ ವಾರಿಜಕ್ಕ
ಕಿವಿರು ಎತ್ತುವ ಮೊದಲೇ ಹೇಳಿಬಿಡುತ್ತಾಳೆ:
ಇದು ಮಲ್ಪೆಯದು, ಇದು ರತ್ನಾಗಿರಿಯ ಲಾರಿಯಲ್ಲಿ ಬಂದದ್ದು,
ಇದು (ಮೂಗು ಮುರಿದು) ‘ನಮ್ಮ ಕಡಲ್ದ ಅತ್ತ್.’
ಹೊಟ್ಟೆಯ ಹೊಳಪು, ಬೆನ್ನಿನ ನೀಲಿ ಎಷ್ಟು ಕಪ್ಪಿಗೆ ತಿರುಗಿದೆ,
ಅಷ್ಟರಲ್ಲೇ ಅವಳಿಗೆ ಅಕ್ಷಾಂಶ, ರೇಖಾಂಶ.

ನಾನು ಕಾಲೇಜಿನ ಭೂಗರ್ಭ ವಿಭಾಗದ ಅಟೆಂಡರ್.
ಇಪ್ಪತ್ತಾರು ವರ್ಷ ಕಲ್ಲುಗಳ ಧೂಳು ಒರೆಸಿದವನು
ಕಪಾಟಿನ ಮೂರನೇ ಖಾನೆಯಿಂದ ಒಂದನ್ನು
ಅಂಗಿಯ ಜೇಬಿಗೆ ಹಾಕಿಕೊಂಡು ಹೋದೆ, ಶನಿವಾರ,
ಯಾರಿಗೂ ಹೇಳದೆ.

ಒದ್ದೆ ಕೈ ಒರೆಸದೆಯೇ ತೆಗೆದುಕೊಂಡಳು.
ಮಗುಚಿದಳು. ಹೆಬ್ಬೆರಳಲ್ಲಿ ಒತ್ತಿ ನೋಡಿದಳು,
ಮೆತ್ತಗಾಗಿದೆಯೋ ಎಂದು.
ಮೂರು ಪಾಲಾದ ಬೆನ್ನು, ಹದಿಮೂರೋ ಹದಿನಾಲ್ಕೋ ಮಡಿಕೆ,
ಒಂದು ಕಣ್ಣಿದೆ, ಇನ್ನೊಂದು ಉದುರಿದೆ.
‘ಎಟ್ಟಿಯಾ? ಡೆಂಜಿಯಾ?’
ಎರಡೂ ಅಲ್ಲ, ಎರಡಕ್ಕೂ ದೂರದ ನೆಂಟ. ಟ್ರೈಲೋಬೈಟ್ ಅಂತ.
‘ಯಾವ ಬಂದರಿನದ್ದು?’

ಸ್ಪಿತಿ ಎಂದೆ. ಹಿಮ ಬೀಳುವ ಊರು. ಬಂದರಿಲ್ಲ.
ಅವಳು ನಕ್ಕ ನಗೆಗೆ ಪಕ್ಕದ ಸೆಲಿನ್ ಬಾಯಿ
ಕತ್ತಿ ನಿಲ್ಲಿಸಿ ತಿರುಗಿದಳು.

ಹೇಳಿದೆ, ಮೇಷ್ಟ್ರು ಪಾಠ ಮಾಡುವಾಗ ಬಾಗಿಲ ಬಳಿ ನಿಂತು ಕೇಳಿದ್ದಷ್ಟನ್ನು:
ಐವತ್ತು ಕೋಟಿ ವರ್ಷದ ಹಿಂದೆ ಅಲ್ಲಿ ಕೆಸರಿನ ಕಡಲು.
ಇದರ ಬಳಗ ಅಲ್ಲಿ, ಚೀನಾದಲ್ಲಿ, ಆಸ್ಟ್ರೇಲಿಯಾದಲ್ಲಿ;
ಆಗ ಅವೆಲ್ಲ ನೆರೆಕರೆ.
ಅಮೆರಿಕದ ಕಲ್ಲಿನಲ್ಲಿ ಬೇರೆಯದೇ ಒಕ್ಕಲು.
ಸ್ಕಾಟ್ಲೆಂಡಿನಲ್ಲಿ ಅಮೆರಿಕದ್ದೇ ಸಿಗುತ್ತದೆ,
ಒಂದು ಹಗಲಿನ ರೈಲು ದಾರಿ, ವೇಲ್ಸಿನಲ್ಲಿ ಸಿಗುವುದಿಲ್ಲ.
ನಡುವೆ ಒಂದು ಸಮುದ್ರ ಇತ್ತು. ಈಗಿಲ್ಲ.
ಇತ್ತು ಎನ್ನಲಿಕ್ಕೆ ಈ ಹುಳಗಳೇ ಸಾಕ್ಷಿ.

‘ಹೌದಲ್ಲ ಮತ್ತೆ,’ ಎಂದಳು,
‘ಕೆಸರಲ್ಲಿ ನಡೆಯುವಂಥದ್ದು ಅಷ್ಟು ಆಳ ದಾಟುತ್ತದಾ?
ಮರಿ ಬೇಕಾದರೆ ನೀರೊಟ್ಟಿಗೆ ತೇಲಿ ಹೋದೀತು.
ಹೋದಲ್ಲಿ ಬದುಕಬೇಕಲ್ಲ.’
ಮೇಷ್ಟ್ರಿಗೆ ಎರಡು ಪೀರಿಯಡ್ ಹಿಡಿದದ್ದು
ಇವಳಿಗೆ ಒಂದು ಬಂಗುಡೆ ಕೊಯ್ಯುವಷ್ಟು ಹೊತ್ತು.
‘ನಮ್ಮ ಬೂತಾಯಿ ಚಂದ್ರಗಿರಿ ಹೊಳೆ ದಾಟಿದರೆ ಮತ್ತಿ,
ಈ ಸೆಲಿನಳ ಬಾಯಲ್ಲಿ ಇಲ್ಲೇ ತಾರ್ಲೆ.
ಮೀನಿಗೆ ಅದೆಲ್ಲ ಗೊತ್ತಾ?’

ಆಮೇಲೆ, ತಕ್ಕಡಿ ಎತ್ತುತ್ತ: ‘ಇದು ನಮ್ಮಲ್ಲಿ ಯಾಕಿಲ್ಲ?’

ಅದನ್ನೇ ನಾನೂ ಧೂಳಿನ ಬಟ್ಟೆಗೆ ಕೇಳುತ್ತ ಬಂದವನು.
ನಮ್ಮ ಕಾಲಡಿಯ ಬಂಡೆ ತೀರಾ ಮುದಿ;
ಅದು ಗಟ್ಟಿಯಾಗುವಾಗ ಲೋಕದಲ್ಲಿ ಕಣ್ಣೆಂಬುದೇ ಇರಲಿಲ್ಲ.
ಮಲ್ಪೆಯಾಚೆ ದ್ವೀಪದ ಕಂಬಗಲ್ಲು ತೀರಾ ಎಳಸು;
ಆ ಬೆಂಕಿ ಆರುವಷ್ಟರಲ್ಲಿ ಇವುಗಳ ವಂಶ ಮುಗಿದು
ಹದಿನಾರು ಕೋಟಿ ವರ್ಷ.
ಮುರಕಲ್ಲು ಬಿಡಿ, ಅದು ನಿನ್ನೆ ಮೊನ್ನೆಯದು.
ಮೇಷ್ಟ್ರ ಗೋಡೆನಕ್ಷೆಯಲ್ಲಿ ಕೆಂಪು ಚುಕ್ಕಿ ಎಲ್ಲೆಲ್ಲೋ,
ನಮ್ಮ ಕರಾವಳಿಯ ಮೇಲೆ ಒಂದೂ ಇಲ್ಲ,
ಹಲ್ಲಿ ಹಾಕಿದ ಹಿಕ್ಕೆಯೊಂದರ ಹೊರತು.
ಅವು ಇರಲಿಲ್ಲವೋ,
ಇದ್ದದ್ದನ್ನು ಇಟ್ಟುಕೊಳ್ಳುವ ಕೆಸರು ಇಲ್ಲಿ ಉಳಿಯಲಿಲ್ಲವೋ.

‘ಮಳೆಗಾಲ ಎರಡು ತಿಂಗಳು ಬೋಟು ಇಳಿಯುವುದಿಲ್ಲ,’
ವಾರಿಜಕ್ಕ ಐಸು ಸರಿಸಿದಳು,
‘ನನ್ನ ಬುಟ್ಟಿಯಲ್ಲಿ ಅಂಜಲಿಲ್ಲ. ಕಡಲಲ್ಲಿ ಇಲ್ಲ ಅಂತಲಾ?’

ಕಲ್ಲನ್ನು ವಾಪಸು ಕೊಟ್ಟಳು,
ಅರ್ಧ ಕಿಲೋ ಬಂಗುಡೆಯ ಮೇಲೆಯೇ ಇಟ್ಟು.
ಸಂಜೆ ಹಾಗೆಯೇ ಖಾನೆಗೆ ಸೇರಿಸಿದೆ.

ಸೋಮವಾರ ತೆರೆದರೆ
ಸ್ಫಟಿಕ, ಗ್ರಾನೈಟು, ಹೆಸರಿರುವ ಎಲ್ಲವನ್ನೂ ಬಿಟ್ಟು
ಆ ಒಂದಕ್ಕೇ ಇರುವೆ ಸಾಲು.
ಮಡಿಕೆ ಮಡಿಕೆಯಲ್ಲಿ ಆರಾರು ಗಂಟುಗಾಲು.
ಉದುರಿದ ಕಣ್ಣಿನ ಗುಳಿಯಲ್ಲಿ ಒಂದು
ಮೀಸೆಯಾಡಿಸುತ್ತ ನಿಂತಿತ್ತು.

ಬಟ್ಟೆ ಕೈಯಲ್ಲೇ ಇತ್ತು.
ಖಾನೆ ಮುಚ್ಚಿದೆ, ಒಂದು ಬೆರಳಷ್ಟು ತೆರೆದಿಟ್ಟು.